ಇಸಾಕಸಾಬರ ಗೇರು

ನವೆಂಬರ್ 3, ಸೋಮವಾರ

ಬೆಳಗ್ಗೆ ಮೂರು ಕ್ಲಾಸು. ಇಬ್ಬರು ಕಾಲೇಜು ಹುಡುಗಿಯರು, ಒಬ್ಬರು ಬ್ಯಾಂಕಿನವರು. ಬ್ಯಾಂಕಿನವರಿಗೆ ಕ್ಲಚ್ ಎಂದರೆ ಕಾಲಿಟ್ಟುಕೊಳ್ಳುವ ಮಣೆ. ಹೇಳಿ ಹೇಳಿ ಸಾಕಾಯಿತು. ಕಾರಿನ ಎಡಗಡೆ ಕನ್ನಡಿ ಮತ್ತೆ ಸಡಿಲ. ಟೇಪು ಸುತ್ತಿದೆ.

ಹನ್ನೊಂದರ ಹೊತ್ತಿಗೆ ಬಂಗಾರಣ್ಣ ಬಂದ. ನಾನು ಫ್ರಾಕು ಹಾಕುತ್ತಿದ್ದ ಕಾಲದಿಂದ ಗೊತ್ತಿರುವ ಮನುಷ್ಯ. ಕೂಡ್ಲಿಗಿ–ಹೊಸಹಳ್ಳಿ ಸರ್ವಿಸ್ ಜೀಪು ಓಡಿಸುತ್ತಾ ಇಪ್ಪತ್ತು ವರ್ಷದ ಮೇಲಾಯಿತು. ಜೀಪು ನಮ್ಮ ಅಬ್ಬಾ, ಊರಿನವರ ಬಾಯಲ್ಲಿ ಇಸಾಕಸಾಬರು, ತಮ್ಮ ಶೆಡ್ಡಿನಲ್ಲಿ ಕಟ್ಟಿದ್ದು. ನನ್ನ ಡ್ರೈವಿಂಗ್ ಸ್ಕೂಲಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಟವೆಲ್ಲು ಕೈಯಲ್ಲಿ ಹಿಡಿದು ನಿಂತ.

"ಡ್ರೈವಿಂಗ್ ಕಲೀಬೇಕಾಗೈತಿ ತಂಗಿ."

ನಕ್ಕುಬಿಟ್ಟೆ. ಅವನು ನಗಲಿಲ್ಲ.

ವಿಷಯ ಇಷ್ಟು. ಜೀಪಿಗೆ ಈ ಸಲ ಫಿಟ್ನೆಸ್ ಆಗಲಿಲ್ಲ. ಹೊಗೆ ಹೆಚ್ಚು, ಅದಕ್ಕಿಂತ ಹೆಚ್ಚಾಗಿ ಕಂಪ್ಯೂಟರಿನಲ್ಲಿ ಆ ಮಾಡೆಲ್ಲೇ ಇಲ್ಲವಂತೆ. ಹೇಗಿರಬೇಕು? ಚಾಸಿ ಮಿಲಿಟರಿ ಹರಾಜಿನದು, ಎಂಜಿನ್ ಒಂದು ಗಾಡಿಯದು, ಗೇರ್‌ಬಾಕ್ಸ್ ಇನ್ನೊಂದರದು, ಬಾಡಿ ಅಬ್ಬಾನ ಸುತ್ತಿಗೆಯದು. ತಿಂಗಳ ಕೊನೆಗೆ ಆರ್‌ಸಿ ಮುಗಿಯುತ್ತದೆ. ಆಮೇಲೆ ಗುಜರಿ.

ಕೊಟ್ಟೂರಿನ ಈರುಳ್ಳಿ ಸಾಹುಕಾರ್ ಗುರುಸಂಗಪ್ಪನವರು ಕಂಪನಿ ಪಿಕಪ್ ಬುಕ್ ಮಾಡಿದ್ದಾರೆ. ಇಪ್ಪತ್ನಾಲ್ಕನೇ ತಾರೀಕು ಸೋಮವಾರ ಪೂಜೆ. ಬಂಗಾರಣ್ಣನನ್ನೇ ಡ್ರೈವರ್ ಮಾಡಿಕೊಳ್ಳುತ್ತೇನೆ ಎಂದಿದ್ದಾರೆ. ಒಂದೇ ಷರತ್ತು — ಪೂಜೆ ಮುಗಿದ ಮೇಲೆ ನಾಲ್ಕು ಗಾಲಿಯ ಕೆಳಗಿನ ನಿಂಬೆಹಣ್ಣು ಒಡೆದುಕೊಂಡು ಗಾಡಿ ಮುಂದೆ ಹೋಗಬೇಕು. ಹಿಂದೆ ಸರಿದರೆ ಅಪಶಕುನ. ಅಲ್ಲೇ ಬೇರೆ ಡ್ರೈವರ್.

ಹೊರಗಿನವರಿಗೆ ಹೇಳಿದರೆ, ಇಪ್ಪತ್ತು ವರ್ಷದ ಡ್ರೈವರಿಗೆ ಇದೂ ಒಂದು ಷರತ್ತೇ ಅನ್ನುತ್ತಾರೆ. ನಮ್ಮ ಐದು ತಾಲ್ಲೂಕಿನಲ್ಲಿ ಯಾರೂ ಹಾಗನ್ನುವುದಿಲ್ಲ.

ನವೆಂಬರ್ 4, ಮಂಗಳವಾರ

ಬಂಗಾರಣ್ಣನಿಗೆ ಮೊದಲ ಕ್ಲಾಸು. ಕಾರಿನೊಳಗೆ ಕೂತ ಮೇಲೆ ನನ್ನನ್ನು ಮೇಡಂ ಎಂದ. ಇಳಿದ ಮೇಲೆ ಮತ್ತೆ ತಂಗಿ.

ಸ್ಟಾರ್ಟ್ ಮಾಡಿದ, ಕ್ಲಚ್ ಒತ್ತಿದ, ಗೇರ್ ಹಾಕಿದ — ಕಾರು ಹಿಂದಕ್ಕೆ. ನನ್ನ ಕಡೆಯೂ ಒಂದು ಬ್ರೇಕ್ ಇರುವುದರಿಂದ ಮೈದಾನದ ಗೋಡೆ ಉಳಿಯಿತು. ಮತ್ತೆ ಹಾಕಿದ, ಮತ್ತೆ ಹಿಂದಕ್ಕೆ. ಬೆವರು ಒರೆಸಿಕೊಂಡ.

ಕೊನೆಗೆ ಕಾಗದದ ಮೇಲೆ ಎರಡೂ ಗೇರಿನ ಚಿತ್ರ ಬರೆದು ಕೊಟ್ಟೆ. ಬರೆಯುವಾಗ ನನಗೇ ಹೊಸದಾಗಿ ಕಂಡಿತು. ಅಬ್ಬಾ ಹೊಂದಿಸಿದ ಗೇರ್‌ಬಾಕ್ಸಿನ ಹಿಡಿ ಸೀಟಿನ ಕೆಳಗೆ ಬರುತ್ತಿತ್ತು. ಅದನ್ನು ಮುಂದೆ ತರಲು ಒಂದು ಕಂಬಿ, ಕಂಬಿಯ ನಡುವೆ ಒಂದು ಕೀಲು. ಆ ಕೀಲಿನಿಂದ ಎಲ್ಲ ತಲೆಕೆಳಗು. ಕೈ ಎಡಕ್ಕೆ ಹೋದರೆ ಒಳಗೆ ಬಲಕ್ಕೆ. ಮುಂದೆ ತಳ್ಳಿದರೆ ಒಳಗೆ ಹಿಂದಕ್ಕೆ. ಕಂಪನಿ ಗಾಡಿಯಲ್ಲಿ ಒಂದನೇ ಗೇರು ಎಡಕ್ಕೆ ಮುಂದೆ, ರಿವರ್ಸು ಬಲಕ್ಕೆ ಹಿಂದೆ. ಅಬ್ಬಾನ ಗಾಡಿಯಲ್ಲಿ ಅವೆರಡೂ ಅದಲುಬದಲು.

ಮೊದಲ ಗಾಡಿಯಲ್ಲೇ ಸರಿಮಾಡಬಹುದಿತ್ತು. ಆದರೆ ಮೊದಲ ಗಿರಾಕಿಯ ಕೈ ಅದಕ್ಕೇ ಹೊಂದಿಕೊಂಡಿತು. ಎರಡನೆಯವನು ಅವನ ಹತ್ತಿರ ಕಲಿತವನು, ಅವನಿಗೂ ಅದೇ ಬೇಕು. ಹಾಗೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಎಲ್ಲ ಕಡೆ ಸಾಬರ ಗೇರು. ಸಂತೆಗೆ ಹೋಗುವ ಜನ, ಕುರಿ, ಶೇಂಗಾ ಚೀಲ, ಮದುವೆ ದಿಬ್ಬಣ, ಎಲ್ಲ ಸಾಬರ ಗೇರಿನಲ್ಲೇ. ಒಮ್ಮೆ ಒಬ್ಬ ಕಳ್ಳ ಜೀಪು ಹೊಡೆದುಕೊಂಡು ಹೋಗಲು ಹತ್ತಿ, ಗೇರ್ ಹಾಕಿ, ಹಿಂದಿದ್ದ ಗಟಾರಕ್ಕೆ ಬಿದ್ದನಂತೆ. ಅಬ್ಬಾ ಹೇಳುವಾಗೆಲ್ಲ ಆ ಗಟಾರದ ಊರು ಬದಲಾಗುತ್ತದೆ.

ಐದು ತಾಲ್ಲೂಕು ದಾಟಿದರೆ ಮಾತ್ರ ಆ ಗಾಡಿ ಕೊಳ್ಳುವವರಿರಲಿಲ್ಲ. ಕಂಪನಿ ಪಿಕಪ್ ಕಾಶ್ಮೀರದಿಂದ ಕನ್ಯಾಕುಮಾರಿವರೆಗೆ ಒಂದೇ ಗೇರು. ಇಲ್ಲಿ ಕೊಂಡು ನಾಲ್ಕು ವರ್ಷ ಓಡಿಸಿ ಪುಣೆಯಲ್ಲಿ ಮಾರಬಹುದು. ಲೋನ್ ಕೊಡುವವರು ಮನೆಗೇ ಬರುತ್ತಾರೆ. ಜನ ಯಾಕೆ ಬಿಡುತ್ತಾರೆ? ಅಬ್ಬಾನ ಶೆಡ್ಡಿನಲ್ಲಿ ಈಗ ಟ್ರಾಲಿ ವೆಲ್ಡಿಂಗು, ಗೇಟು, ಕಿಟಕಿ ಗ್ರಿಲ್ಲು. ಕಾಗದಪತ್ರ ಸಮೇತ ರಸ್ತೆ ಮೇಲೆ ಉಳಿದಿರುವ ಸಾಬರ ಗಾಡಿ ಬಂಗಾರಣ್ಣನದೊಂದೇ. ಎಣ್ಣೆ ಬದಲಿಸಲು ಅವನು ಬಂದ ದಿನ ಅಬ್ಬಾ ಮಧ್ಯಾಹ್ನ ಮಲಗುವುದಿಲ್ಲ. ಗಾಡಿ ಹೊರಡುವಾಗ ಹಿಂದೆ ನಿಂತು ಹಿಂಬಾಗಿಲಿಗೆ ಎರಡು ತಟ್ಟು ತಟ್ಟುತ್ತಾರೆ. ಯಾವ ಗಾಡಿಯನ್ನೂ ಹಾಗೆ ತಟ್ಟದೆ ಕಳಿಸಿದ್ದಿಲ್ಲ.

ನವೆಂಬರ್ 7, ಶುಕ್ರವಾರ

ಸುಧಾರಣೆ ಇಲ್ಲ. ಬೆಳಗ್ಗೆ ನನ್ನ ಕಾರು, ಆಮೇಲೆ ದಿನವಿಡೀ ಜೀಪು. ಬೆಳಗ್ಗೆ ಕಲಿತದ್ದನ್ನು ಜೀಪು ಸಂಜೆಯೊಳಗೆ ತೊಳೆದುಹಾಕುತ್ತದೆ.

ನನ್ನ ಗುಟ್ಟು ಹೇಳಿಕೊಟ್ಟೆ. ನಾನು ಮೊದಲು ಕಲಿತದ್ದು ಶೆಡ್ಡಿನ ಹಿಂದಿನ ಬಯಲಲ್ಲಿ, ಅಬ್ಬಾನ ಗೇರು. ಲೈಸೆನ್ಸಿಗಾಗಿ ಇನ್ನೊಂದು ಕಲಿಯಬೇಕಾಯಿತು. ಎರಡೂ ಕಲಸಿ ಹೋಗುತ್ತಿತ್ತು. ಆಗ ಎಡಗೈಗೆ ವಾಚು ಕಟ್ಟಿದೆ. ವಾಚು ಇದ್ದರೆ ಕಂಪನಿ ಗೇರು, ಬಿಚ್ಚಿದರೆ ಅಬ್ಬಾನ ಗೇರು. ಮಣಿಕಟ್ಟಿನ ಮೇಲೆ ಸ್ವಲ್ಪ ಭಾರ ಇದ್ದರೆ ಕೈಗೆ ತಾನೇ ನೆನಪಾಗುತ್ತದೆ. ಇವತ್ತಿಗೂ ಹಾಗೇ.

ಮಧ್ಯಾಹ್ನ ಮತ್ತೆ ಬಂದ. ಮದುವೆಯಲ್ಲಿ ಮಾವ ಕೊಟ್ಟ ವಾಚು ಕಟ್ಟಿಕೊಂಡಿದ್ದ. ಅದು ನಡೆಯುತ್ತಿಲ್ಲವಲ್ಲ ಎಂದು ಮುಖ ಸಣ್ಣ ಮಾಡಿಕೊಂಡ. ನಡೆಯದಿದ್ದರೂ ಪರವಾಗಿಲ್ಲ ಎಂದೆ.

ನವೆಂಬರ್ 10, ಸೋಮವಾರ

ವಾಚಿನಿಂದ ಅರ್ಧ ಕೆಲಸ ಆಯಿತು. ಉಳಿದರ್ಧಕ್ಕೆ ಜೀಪು ಬಿಡಿಸಲೇಬೇಕು. ಪೂಜೆವರೆಗೆ ಜೀಪು ಮುಟ್ಟಬೇಡ ಎಂದೆ. ಟ್ರಿಪ್ ಇಲ್ಲದೆ ಮನೆ ಹೇಗೆ ನಡೆಯಬೇಕು? ಕೊನೆಗೆ ಅವನ ಹೆಂಡತಿ ಉಚ್ಚಂಗೆಮ್ಮನೇ ಫೋನಿನಲ್ಲಿ, ಶೇಂಗಾ ಬಿಡಿಸೋ ಕೆಲಸ ಐತಿ, ನಾ ಹೋಗ್ತೀನಿ, ಚಾವಿ ಕೊಟ್ಟು ಬಾ ಅಂತ ಹೇಳಿದಳು. ಜೀಪು ತಂದು ಶೆಡ್ಡಿನ ಮುಂದೆ ನಿಲ್ಲಿಸಿದ. ಚಾವಿ ನನ್ನ ಕೈಗೆ ಕೊಟ್ಟ. ಮನೆಗೆ ತಂದು ಮೊಳೆಗೆ ನೇತು ಹಾಕಿದೆ.

ಅಬ್ಬಾ ಊಟಕ್ಕೆ ಕೂತಾಗ ಕಂಡರು.

"ಈ ಚಾವಿ ಇಲ್ಲ್ಯಾಕ ಐತಿ?"

ಕನ್ನಡದಲ್ಲಿ. ನಾವು ಮನೆಯಲ್ಲಿ ಆಡುವುದು ಉರ್ದು. ಕನ್ನಡ ಶೆಡ್ಡಿನಲ್ಲಿ, ಗಿರಾಕಿಗಳ ಜೊತೆ. ಅಬ್ಬಾ ನನ್ನ ಹತ್ತಿರ ಕನ್ನಡ ಶುರು ಮಾಡಿದರೆಂದರೆ ನಾನು ಗಿರಾಕಿಯಾದೆ ಅಂತ.

ಎಲ್ಲ ಹೇಳಿದೆ. ಗುರುಸಂಗಪ್ಪನವರ ಪಿಕಪ್ಪು, ನಿಂಬೆಹಣ್ಣು, ವಾಚು.

"ನಾ ಹಾಕಿಕೊಟ್ಟ ಗೇರ್ ಮ್ಯಾಲ ಇಪ್ಪತ್ತು ವರ್ಷ ಉಂಡಾನ. ಎರಡು ವಾರದಾಗ ಅಳಿಸಿ ಹಾಕ್ತೀಯೇನವ್ವ?"

ಅಳಿಸುತ್ತಿಲ್ಲ, ಪಕ್ಕದಲ್ಲಿ ಇನ್ನೊಂದು ಬರೆಯುತ್ತಿದ್ದೇನೆ ಎಂದೆ. ನನ್ನ ಕೈಯಲ್ಲಿ ಎರಡೂ ಇಲ್ಲವೇ ಎಂದೆ. ಅಬ್ಬಾ ರೊಟ್ಟಿ ಅರ್ಧಕ್ಕೆ ಬಿಟ್ಟು ಎದ್ದರು. ಅಮ್ಮಿ ನನ್ನನ್ನು ನೋಡಿದ ನೋಟ ಇಲ್ಲಿ ಬರೆಯುವುದಿಲ್ಲ.

ನವೆಂಬರ್ 14, ಶುಕ್ರವಾರ

ಅಬ್ಬಾ ಮಾತಾಡುತ್ತಿಲ್ಲ. ಏನಾದರೂ ಬೇಕಾದರೆ ಅಮ್ಮಿಗೆ ಹೇಳುತ್ತಾರೆ, ಅಮ್ಮಿ ನನಗೆ ಹೇಳುತ್ತಾಳೆ. ಮೂವರೂ ಒಂದೇ ಕೋಣೆಯಲ್ಲಿ ಇದ್ದರೂ.

ಬಂಗಾರಣ್ಣ ಚೆನ್ನಾಗಿ ಬರುತ್ತಿದ್ದಾನೆ. ಹೈವೇ ಸರ್ವಿಸ್ ರಸ್ತೆಯಲ್ಲಿ ಹೋಗಿ ಬಂದೆವು. ಒಂದೂ ತಪ್ಪಿಲ್ಲ. ಕೂಡ್ಲಿಗಿಯ ಬಸ್‌ಸ್ಟ್ಯಾಂಡ್ ಮುಂದೆ ಅವನ ಹಳೇ ಪ್ಯಾಸೆಂಜರ್ ಒಬ್ಬಳು ಕಿಟಕಿಗೆ ಬಗ್ಗಿ, ಕಾರು ತಗಂಡ್ಯಾ ಬಂಗಾರಪ್ಪ, ಹೊಸಹಳ್ಳಿಗೆ ಬರತೈತಾ ಅಂತ ಕೇಳಿದಳು. ಮೊದಲ ಸಲ ನಕ್ಕ.

ನವೆಂಬರ್ 18, ಮಂಗಳವಾರ

ಎಲ್ಲ ಕೆಟ್ಟಿತು. ನಿನ್ನೆ ಒಂದು ಸಲ ಹಿಂದಕ್ಕೆ ಹೋದ. ಇವತ್ತು ಒಂದಾದ ಮೇಲೊಂದು. ವಾಚು ಕೈಯಲ್ಲೇ ಇತ್ತು. ಏನಾಯಿತು ಎಂದರೆ ತಲೆ ತಗ್ಗಿಸಿದ. ಮನೆಯಲ್ಲಿ ದಿನಾ ಪ್ರ್ಯಾಕ್ಟೀಸ್ ಮಾಡುತ್ತಿದ್ದೇನೆ, ಆದರೂ ಹೀಗೆ ಎಂದ.

ಮನೆಯಲ್ಲಿ? ಯಾವುದರ ಮೇಲೆ?

ಉಚ್ಚಂಗೆಮ್ಮನಿಗೆ ಫೋನ್ ಮಾಡಿದೆ. "ನಿಮ್ಮಪ್ಪಾರು ಒಂದು ಸ್ಟ್ಯಾಂಡ್ ಮಾಡಿಕೊಟ್ಟಾರಲ್ಲ ನೂರೀನವ್ವ. ಉಣ್ಣಾಕ ಕರದ್ರೂ ಏಳಂಗಿಲ್ಲ, ಅದನ್ನ ಹಿಡಕಂಡು ಕುಂತಿರತಾನ."

ಮಧ್ಯಾಹ್ನ ಸ್ಕೂಟಿ ಹತ್ತಿ ಹೊಸಹಳ್ಳಿಯ ಅವರ ಮನೆಗೆ ಹೋದೆ. ಅಂಗಳದಲ್ಲಿ ಇತ್ತು. ಮೊಣಕಾಲೆತ್ತರದ ಕಬ್ಬಿಣದ ಸ್ಟ್ಯಾಂಡು. ಮೇಲೆ ದಪ್ಪ ತಗಡು, ಅದರಲ್ಲಿ ಗೇರಿನ ದಾರಿ ಕೊಯ್ದಿದೆ. ಅಂಚು ಕೈಗೆ ತಾಗದಂತೆ ಅರ ಹಾಕಿ ಉಜ್ಜಿದ್ದಾರೆ. ಹಿಡಿಗೆ ಹಳೇ ಜೀಪಿನ ಕಪ್ಪು ಗುಂಡು. ಅಂಕಿಗಳನ್ನು ಬಿಳಿ ಬಣ್ಣದಲ್ಲಿ ಬರೆದಿದ್ದಾರೆ. ಗುಂಡು ಹಿಡಿದು ಒಂದನೇ ಗೇರಿಗೆ ಎಳೆದೆ.

ಬಲಕ್ಕೆ, ಹಿಂದೆ.

ಸಾಬರ ಗೇರು. ಅದನ್ನೇ ಹಿಡಿದು ಮನುಷ್ಯ ಬೆಳಗ್ಗೆ ಸಂಜೆ ತಿಕ್ಕಿದ್ದಾನೆ.

ದಾರಿಯುದ್ದಕ್ಕೂ ಮೈ ಉರಿಯಿತು. ಬೇಕಂತಲೇ ಮಾಡಿದ್ದಾರೆ ಎಂದುಕೊಂಡೆ. ಮಗಳ ಜೊತೆ ಮಾತು ಬಿಟ್ಟು ಹಿಂದಿನ ಬಾಗಿಲಿನಿಂದ ಆಟ ಹೂಡುತ್ತಿದ್ದಾರೆ. ಸೀದಾ ಶೆಡ್ಡಿಗೆ ಹೋಗಿ ನಾನೂ ಕನ್ನಡದಲ್ಲೇ ಕೇಳಿದೆ, ನಿಮ್ಮ ಗೇರನ್ನೇ ಕೊಯ್ದು ಕೊಟ್ಟೀರಲ್ಲ ಎಂದು.

ಅಬ್ಬಾ ವೆಲ್ಡಿಂಗ್ ಕನ್ನಡಕ ತೆಗೆದರು. "ಇಲ್ಲವ್ವ. ಕಂಪನಿದೇ ಕೊಯ್ದೀನಿ."

ಚಾಕ್‌ಪೀಸಿನಿಂದ ನೆಲದ ಮೇಲೆ ಬರೆದು ತೋರಿಸಿದೆ. ನೋಡಿದರು. ಎಡಗೈ ಗಾಳಿಯಲ್ಲಿ ಎತ್ತಿ, ಇಲ್ಲದ ಗೇರನ್ನು ಒಂದು, ಎರಡು, ಮೂರು ಹಾಕಿದರು. ನಿಂತರು. ಮತ್ತೆ ಹಾಕಿದರು. ಕೈ ಮೆಲ್ಲಗೆ ಕೆಳಗಿಳಿಯಿತು. ಆಮೇಲೆ ಹೇಳಿದರು — ರಸ್ತೆಯಲ್ಲಿ ನಿಂತಿದ್ದ ಒಂದು ಪಿಕಪ್ಪಿನೊಳಗೆ ಇಣುಕಿ, ಗುಂಡಿನ ಮೇಲಿನ ಚಿತ್ರ ನೋಡಿಕೊಂಡೇ ಬಂದಿದ್ದರಂತೆ. ಶೆಡ್ಡಿನವರೆಗೆ ಬಾಯಲ್ಲಿ ಹೇಳಿಕೊಳ್ಳುತ್ತಾ ಬಂದಿದ್ದರಂತೆ. ಗುರುತು ಹಾಕುವಾಗ ಕೈ ತನ್ನದನ್ನೇ ಹಾಕಿತು.

ನಂಬಿದೆ. ಬೇಕಂತ ಮಾಡುವವರು ಅಂಚನ್ನು ಅಷ್ಟು ಉಜ್ಜುವುದಿಲ್ಲ. ದಾರಿಯಲ್ಲಿ ಅಂದುಕೊಂಡದ್ದಕ್ಕೆ ನಾಚಿಕೆ ಆಯಿತು.

ಈಗ ಏನು ಮಾಡುವುದು, ಬೇರೆ ತಗಡು ಕೊಯ್ಯುವಷ್ಟು ಹೊತ್ತಿಲ್ಲ ಎಂದೆ. ಅಬ್ಬಾ ನೆಲದ ಚಿತ್ರವನ್ನು ಒಂದು ಸುತ್ತು ಸುತ್ತಿ, ನನ್ನ ಎದುರು ಬದಿಗೆ ಹೋಗಿ ನಿಂತು ನೋಡಿದರು.

"ಸ್ಟ್ಯಾಂಡ್ ತಿರುವಿ ಇಡು ಅನ್ನು. ಹಿಂದಿಂದು ಮುಂದ. ಅಷ್ಟ."

ಅಷ್ಟೇ. ಇಷ್ಟು ವರ್ಷ ಎರಡೂ ಗೇರು ಹಾಕಿದ ನನಗೆ ಹೊಳೆದಿರಲಿಲ್ಲ. ಅಂಕಿಗಳು ತಲೆಕೆಳಗಾಗುತ್ತವೆ ಎಂದೆ. ನೋಡಬೇಡ ಅನ್ನು ಎಂದು ಕನ್ನಡಕ ಹಾಕಿಕೊಂಡರು.

ನವೆಂಬರ್ 21, ಶುಕ್ರವಾರ

ಸ್ಟ್ಯಾಂಡು ತಿರುಗಿಸಿಟ್ಟದ್ದು ಕೆಲಸ ಮಾಡಿತು. ಇವತ್ತು ಬಂಗಾರಣ್ಣ ವಾಚು ಮರೆತು ಬಂದಿದ್ದ. ಇಬ್ಬರಿಗೂ ಗೊತ್ತಾದದ್ದು ಕ್ಲಾಸು ಮುಗಿದ ಮೇಲೆ. ಒಂದೂ ತಪ್ಪಿರಲಿಲ್ಲ.

ಖುಷಿಪಟ್ಟೆ.

ನವೆಂಬರ್ 24, ಸೋಮವಾರ. ಕೊಟ್ಟೂರಿನಿಂದ ಬಂದು

ಗುರುಸಂಗಪ್ಪನವರ ಮಂಡಿ ಮುಂದೆ ಪಿಕಪ್ಪು. ಚೆಂಡುಹೂವಿನ ಹಾರ, ಬಾನೆಟ್ ಮೇಲೆ ವಿಭೂತಿ. ಗಾಡಿಯ ಹಿಂದೆ ಒಂದು ಮಾರು ದೂರದಲ್ಲಿ ಈರುಳ್ಳಿ ಚೀಲದ ರಾಶಿ. ಅದನ್ನು ಅಲ್ಲಿ ಯಾರು ಹಾಕಿದರೋ.

ಐನೋರು ಮಂಗಳಾರತಿ ಮಾಡಿದರು. ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟಾಯಿತು. ಬಂಗಾರಣ್ಣ ಹತ್ತಿದ. ವಾಚು ಕಟ್ಟಿದ್ದ. ನಾನು ಕಿಟಕಿಯ ಪಕ್ಕ ನಿಲ್ಲದೆ ದೂರ ನಿಂತೆ. ಅವನ ಭುಜ ಎಡಕ್ಕೆ ವಾಲಿತು, ಮುಂದಕ್ಕೆ ಹೋಯಿತು.

ನಾಲ್ಕೂ ನಿಂಬೆಹಣ್ಣು ಒಡೆದವು.

ಗುರುಸಂಗಪ್ಪನವರು, ನಾಳಿಂದ ಬಾರಪ್ಪ ಎಂದರು. ಅಷ್ಟು ಹೇಳಿ ಪ್ರಸಾದ ಹಂಚಲು ಹೋದರು. ಉಚ್ಚಂಗೆಮ್ಮ ನನ್ನ ಕೈ ಹಿಡಿದುಕೊಂಡವಳು ಬಹಳ ಹೊತ್ತು ಬಿಡಲಿಲ್ಲ.

ಅಬ್ಬಾ ಬಂದಿರಲಿಲ್ಲ. ಮನೆಗೆ ಬಂದು ಹೇಳಿದೆ.

"ಮುಂದ ಹೋತಾ?"

ಹೋಯಿತು ಎಂದೆ. ತಲೆ ಆಡಿಸಿದರು. ಇನ್ನೂ ಕನ್ನಡವೇ.

ನವೆಂಬರ್ 27, ಗುರುವಾರ

ಸಾಹುಕಾರರ ಹತ್ತಿರ ಒಂದು ದಿನ ಬಿಡಿಸಿಕೊಂಡು ಬಂಗಾರಣ್ಣ ಬಂದಿದ್ದ. ಜೀಪನ್ನು ಹೊಸಪೇಟೆಯ ಆಚೆ ಸ್ಕ್ರ್ಯಾಪ್ ಯಾರ್ಡಿಗೆ ಒಯ್ಯಬೇಕು. ಶೆಡ್ಡಿನಲ್ಲೇ ಇರಲಿ ಬಿಡು ಎಂದು ಅಬ್ಬಾ ಒಂದು ಸಲ ಅಂದು ನೋಡಿದರು. ರಿಜಿಸ್ಟ್ರೇಷನ್ ರದ್ದಾಗದಿದ್ದರೆ ತೆರಿಗೆ ಬೆನ್ನು ಬಿಡುವುದಿಲ್ಲ ಎಂದು ಅವರಿಗೂ ಗೊತ್ತು.

ಬೆಳಗ್ಗೆಯೇ ಜೀಪು ತೊಳೆದಿದ್ದರು. ಬಾಗಿಲಿನ ಕೀಲಿಗೆ ಎಣ್ಣೆ ಬಿಟ್ಟಿದ್ದರು. ಗುಜರಿಗೆ ಹೋಗೋದಕ್ಕೆ ಎಣ್ಣೆ ಯಾಕೆ ಎಂದು ಅಮ್ಮಿ ಕೇಳಿದ್ದಕ್ಕೆ, ಅಲ್ಲಿಯವರ ಮುಂದೆ ಕಿರುಗುಟ್ಟಬಾರದು ಎಂದರಂತೆ.

ಚಾವಿ ಮೊಳೆಯಿಂದ ತೆಗೆದು ಕೊಟ್ಟೆ. ಬಂಗಾರಣ್ಣ ಹತ್ತಿ ಕೂತ. ನೆನಪಿಟ್ಟು ವಾಚು ಬಿಚ್ಚಿದ. ಡ್ಯಾಶ್‌ಬೋರ್ಡ್ ಮೇಲೆ ಇಟ್ಟು ನನ್ನನ್ನು ನೋಡಿದ. ಸರಿ ಎಂದೆ.

ಅಬ್ಬಾ ಎಂದಿನಂತೆ ಹಿಂದೆ ನಿಂತರು. ಎರಡು ತಟ್ಟು ತಟ್ಟಿದರು.

ಬಂಗಾರಣ್ಣನ ಎಡಗೈ ಎಡಕ್ಕೆ ಹೋಗಿ ಮುಂದಕ್ಕೆ ತಳ್ಳಿದ್ದನ್ನು ನಾನು ನೋಡಿದೆ. ಬಾಯಿ ತೆರೆಯುವಷ್ಟರಲ್ಲಿ ಜೀಪು ಹಿಂದಕ್ಕೆ ಹೋಯಿತು.

ತಕ್ಷಣ ಬ್ರೇಕ್ ಹಾಕಿದ. ಆದರೂ ಅಬ್ಬಾ ಬಿದ್ದಿದ್ದರು. ತೊಡೆಗೆ ಪೆಟ್ಟು, ಎಡಗೈ ಊರಿ ಬಿದ್ದು ಮಣಿಕಟ್ಟು ಬಾತುಕೊಂಡಿತ್ತು. ಎಬ್ಬಿಸಲು ಹೋದೆ, ತಡಿ ಎಂದು ಕೈಸನ್ನೆ ಮಾಡಿದರು. ಬಂಗಾರಣ್ಣ ಇಳಿದು ಬಂದ. ಅಬ್ಬಾನನ್ನು ನೋಡಿದ, ತನ್ನ ಕೈ ನೋಡಿದ. ಅಲ್ಲೇ ಮಣ್ಣಿನಲ್ಲಿ ಕೂತುಬಿಟ್ಟ. ಆ ವಯಸ್ಸಿನ ಮನುಷ್ಯ ಅಳುವುದನ್ನು ನೋಡಲಾಗುವುದಿಲ್ಲ.

"ಇಪ್ಪತ್ತು ವರ್ಷ ಸಾಬ್ರೇ... ಕೈ ಮರತುಬಿಡ್ತು."

ಅಬ್ಬಾ ನೆಲದ ಮೇಲೆ ಕೂತೇ, ಮಣಿಕಟ್ಟು ಹಿಡಿದುಕೊಂಡೇ ಹೇಳಿದರು.

"ಮರತಿಲ್ಲಲೇ ಬಂಗಾರ. ಕಲತೈತಿ."

ಆಸ್ಪತ್ರೆಯಲ್ಲಿ ಫೋಟೋ ತೆಗೆದರು. ಮೂಳೆ ಬಿರುಕು. ಪ್ಲಾಸ್ಟರ್. ಡಾಕ್ಟರು ಹೇಗಾಯಿತು ಎಂದಾಗ ಅಬ್ಬಾ, ಕಾಲು ಜಾರಿತು ಎಂದರು.

ನವೆಂಬರ್ 29, ಶನಿವಾರ. ಸಂಜೆ

ಬಂಗಾರಣ್ಣ ಇನ್ನು ಆ ಜೀಪು ಹತ್ತುವುದಿಲ್ಲ ಎಂದ. ಇನ್ಯಾರು ಓಡಿಸುವವರು? ಹಳಬರಲ್ಲಿ ಒಬ್ಬರಿಗೆ ಕಣ್ಣು ಕಾಣುವುದಿಲ್ಲ, ಉಳಿದವರೆಲ್ಲ ಕಂಪನಿ ಗಾಡಿಗೆ ಹೋಗಿ ವರ್ಷಗಳಾದವು. ನಾನೇ ಹೊರಟೆ. ವಾಚು ಬಿಚ್ಚಿ ಚೀಲದೊಳಗೆ ಹಾಕಿದೆ.

ಅಬ್ಬಾ ಕೊರಳಿಗೆ ಕೈ ಕಟ್ಟಿಕೊಂಡು ಪಕ್ಕದಲ್ಲಿ ಕೂತರು. ಒಂದನೇ ಗೇರು. ಬಲಕ್ಕೆ, ಹಿಂದೆ. ಜೀಪು ಮುಂದೆ ಹೋಯಿತು. ಅಬ್ಬಾ ನನ್ನ ಕೈಯನ್ನೇ ನೋಡುತ್ತಿದ್ದರು. ಹೈವೇಯಲ್ಲಿ ನಮ್ಮನ್ನು ದಾಟಿದ್ದೆಲ್ಲ ಕಂಪನಿ ಪಿಕಪ್ಪುಗಳು, ಎಲ್ಲ ಬಿಳಿ. ಅಬ್ಬಾ ಒಂದೊಂದನ್ನೂ ತಲೆ ತಿರುಗಿಸಿ ನೋಡಿದರು.

ಯಾರ್ಡಿನವನು ಬಂಗಾರಣ್ಣ ಬರೆದುಕೊಟ್ಟ ಪತ್ರ ನೋಡಿ ನನ್ನ ಸಹಿ ಹಾಕಿಸಿಕೊಂಡ. ಚಾವಿ ಗಾಡಿಯಲ್ಲೇ ಬಿಡಿ ಎಂದ. ಅಬ್ಬಾಗೆ ಮನಸ್ಸು ತಡೆಯಲಿಲ್ಲ.

"ಗೇರ್ ಉಲ್ಟಾ ಐತಿ ನೋಡಪ್ಪಾ. ಯಾರರ ಹತ್ತಿದ್ರ ಮೊದಲು ಹೇಳು."

"ಯಾರೂ ಹತ್ತಂಗಿಲ್ಲ ಅಜ್ಜಾರ. ಕ್ರೇನ್ ಎತ್ತತೈತಿ."

ಒಳ್ಳೆಯ ಹುಡುಗನೇ. ಮರ್ಯಾದೆಯಿಂದಲೇ ಹೇಳಿದ.

ಅಬ್ಬಾ ಜೀಪಿನ ಹಿಂದೆ ಹೋದರು. ಬಲಗೈಯಿಂದ ಎರಡು ತಟ್ಟು ತಟ್ಟಿದರು. ತಟ್ಟಿ, ಅಭ್ಯಾಸದಂತೆ ಅದು ಮುಂದೆ ಹೋಗಲಿ ಎಂದು ಸ್ವಲ್ಪ ಹೊತ್ತು ನಿಂತರು. ನನಗೆ ಅಳು ಬಂತು. ಅಬ್ಬಾನ ಮುಂದೆಯೇ, ಯಾರ್ಡಿನವನ ಮುಂದೆಯೇ ಅತ್ತೆ.

ಬಸ್ಸಿನಲ್ಲಿ ವಾಪಸು. ಮರಿಯಮ್ಮನಹಳ್ಳಿ ದಾಟಿದ ಮೇಲೆ ಅಬ್ಬಾ ಕೇಳಿದರು, ಹಸಿವಾಯಿತಾ ಮಗಳೇ ಎಂದು. ಉರ್ದುವಿನಲ್ಲಿ.

ನವೆಂಬರ್ 30, ಭಾನುವಾರ. ಬೆಳಗ್ಗೆ

ಏಳಕ್ಕೆ ಬ್ಯಾಂಕಿನವರ ಕ್ಲಾಸು. ಅವರು ಆಗಲೇ ಬಂದು ಗೇಟಿನ ಹತ್ತಿರ ನಿಂತಿದ್ದಾರೆ. ಅಬ್ಬಾ ಒಂದೇ ಕೈಯಲ್ಲಿ ಕಾರಿನ ಎಡಗಡೆ ಕನ್ನಡಿ ಬಿಗಿಯುತ್ತಿದ್ದಾರೆ. ನನ್ನ ಟೇಪನ್ನು ಕಿತ್ತು ಬಿಸಾಕಿದ್ದು ಕಿಟಕಿಯಿಂದ ಕಾಣುತ್ತಿದೆ.

ವಾಚು ಇನ್ನೂ ಚೀಲದಲ್ಲೇ ಇದೆ. ನಿನ್ನೆ ಬಿಚ್ಚಿದ್ದು. ಇಷ್ಟು ವರ್ಷ ಕಟ್ಟುವಾಗ, ಬಿಚ್ಚುವಾಗ ಏನೂ ಅನ್ನಿಸಿದ್ದಿಲ್ಲ. ಈಗ ಕಟ್ಟಿದರೆ ಮತ್ತೆ ಬಿಚ್ಚುವುದಕ್ಕೆ ಗಾಡಿ ಇಲ್ಲ.

ಟೈಮಾಯಿತು ಎಂದು ಅಬ್ಬಾ ಹೊರಗಿನಿಂದ ಕೂಗುತ್ತಿದ್ದಾರೆ. ಬಂದೆ ಎಂದೆ. ಕಟ್ಟಿಕೊಳ್ಳುತ್ತೇನೆ. ಅದಕ್ಕಿಂತ ಮುಂಚೆ ಒಂದೇ ಒಂದು ಸಲ ಕೈಯನ್ನು ಬಲಕ್ಕೆ, ಹಿಂದೆ —